ತಿಳಿಹೇಳುವುದೂ ಶುಶ್ರೂಷೆಯೇ
ಮಂಡಿ ಬದಲಾವಣೆಗೆ ಬಳಸುವ ಕೃತಕ ಕೀಲುಗಳ ಬೆಲೆಗೆ ಕೇಂದ್ರ ಸರ್ಕಾರ 2017ರಲ್ಲಿ ಮಿತಿ ಹಾಕಿತು. ಬೆಲೆ ಇಳಿದರೂ ರೋಗಿಗೆ ಸರಿಯಾದ ತಿಳಿವಳಿಕೆ ಸಿಗದಿದ್ದರೆ ಆಪರೇಷನ್ ಪೂರ್ತಿ ಫಲ ಕೊಡದು. ತಿಳಿಹೇಳುವ ಹೊಣೆಯಲ್ಲಿ ನರ್ಸ್‌ಗಳ ಪಾಲು ದೊಡ್ಡದು.

ಎಷ್ಟು ಹೊತ್ತು ಉಪವಾಸ, ರಕ್ತ ತೆಳುವಾಗಿಸುವ ಮಾತ್ರೆಯನ್ನು ವೈದ್ಯರು ಯಾವಾಗ ನಿಲ್ಲಿಸಲು ಹೇಳಿದ್ದಾರೆ ಎಂಬುದು ರೋಗಿಗೆ ಮೊದಲೇ ಮನದಟ್ಟಾಗಬೇಕು. ವಾಕರ್ ಹಿಡಿದು ನಡೆಯುವುದನ್ನೂ ಮುಂಚೆಯೇ ಕಲಿಸಿದರೆ ಆಮೇಲಿನ ಅಂಜಿಕೆ ತಗ್ಗುತ್ತದೆ. ಆಪರೇಷನ್ ಆದ ಮೇಲೆ ಪಾದ ಆಡಿಸುತ್ತಿರಬೇಕು. ಕಾಲು ಅಲುಗದಿದ್ದರೆ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಮೀನಖಂಡದ ಊತ, ಗಾಯದಲ್ಲಿ ಕೀವು, ಜ್ವರ, ಉಸಿರಾಟದ ತೊಂದರೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಬರಬೇಕು. ಕುಕ್ಕರಗಾಲಿನಲ್ಲಿ ಕೂರುವ ಶೌಚಾಲಯವಿರುವ ಮನೆಯವರಿಗೆ ಕಮೋಡ್ ಕುರ್ಚಿಯ ವಿಷಯವನ್ನು ಡಿಸ್ಚಾರ್ಜ್ ದಿನ ಹೇಳಿದರೆ ತಡವಾಯಿತು.

ಇದನ್ನೆಲ್ಲ ಗಡಿಬಿಡಿಯಲ್ಲಿ ಒಮ್ಮೆ ಒಪ್ಪಿಸಿದರೆ ಸಾಲದು. ಕನ್ನಡದಲ್ಲಿ ಬರೆದುಕೊಡಬೇಕು, ಮನೆಯವರನ್ನೂ ಕೂರಿಸಿಕೊಂಡು ವಿವರಿಸಬೇಕು, ಕೇಳಿದ್ದನ್ನು ಅವರಿಂದಲೇ ತಿರುಗಿ ಹೇಳಿಸಬೇಕು. ಒಬ್ಬ ನರ್ಸ್ ಮೇಲೆ ಇಡೀ ವಾರ್ಡ್ ಹೊರಿಸಿ ಇಷ್ಟನ್ನೆಲ್ಲ ನಿರೀಕ್ಷಿಸುವುದು ಅನ್ಯಾಯ. ತಿಳಿಹೇಳುವ ಸಮಯವನ್ನೂ ಆಸ್ಪತ್ರೆಗಳು ಕೆಲಸದ ಲೆಕ್ಕಕ್ಕೆ ಸೇರಿಸಲಿ. ಅದಕ್ಕೆ ತಕ್ಕ ಸಿಬ್ಬಂದಿ ಕೊಡಲಿ.