ಯಾರ ಕೈಗೆ ಮಣಿ, ಯಾರ ಕೈಗೆ ಪೊರಕೆ?

ಈ ನಾಡಿನಲ್ಲಿ ಕೈಗೂ ಜಾತಿ ಇದೆ. ಒಂದು ಕೈ ಪೊರಕೆ ಹಿಡಿದರೆ ಅದು ಕುಲಕಸುಬು. ಇನ್ನೊಂದು ಕೈ ಅದೇ ಪೊರಕೆ ಹಿಡಿದರೆ ಅದು ಶಿಕ್ಷಣ.

ಇದು ಮಾತಿನ ಚಮತ್ಕಾರವಲ್ಲ. ನಗರದ ಉಳ್ಳವರ ಕೆಲವು ಮನೆಗಳಿಗೆ ಈಗ ಹೋಮ್‌ಸ್ಕೂಲು ಅನ್ನೋದು ಬಂದಿದೆ. ಮಗುವನ್ನು ಶಾಲೆಗೆ ಕಳಿಸುವುದಿಲ್ಲ, ಮನೆಯಲ್ಲೇ ಕಲಿಸುತ್ತಾರೆ. ಆರರಿಂದ ಹನ್ನೆರಡು ವರ್ಷದ ಮಗುವಿಗೆ ಬೇರೆ ಕೋಣೆ, ಕೋಣೆಯಲ್ಲಿ ಅದರ ಕೈಗೆಟುಕುವ ಕಪಾಟು, ಕಪಾಟಿನ ತುಂಬ ಮಾಂಟೆಸ್ಸರಿ ಸಾಮಾನು. ಪಕ್ಕದಲ್ಲಿ ಮಗುವಿನ ಅಳತೆಯ ಪುಟ್ಟ ಪೊರಕೆ, ಪುಟ್ಟ ಬಕೇಟು, ಬೂಟು ಪಾಲೀಷಿನ ಡಬ್ಬಿ. ಮಗು ಕಸ ಗುಡಿಸುತ್ತದೆ, ಬೂಟು ಉಜ್ಜುತ್ತದೆ. ಅಪ್ಪ ಅಮ್ಮ ನಿಂತು ಫೋಟೋ ಹೊಡೆಯುತ್ತಾರೆ. ಇದು ನಿತ್ಯಜೀವನದ ಪಾಠ ಅಂತಾರೆ.

ಸರಿ ಕಣ್ರೀ. ಈ ಪಾಠದಲ್ಲಿ ನಮ್ಮ ಮಕ್ಕಳು ತಲೆತಲಾಂತರದಿಂದ ಪಾಸಾಗುತ್ತಲೇ ಇದ್ದಾರಲ್ಲ, ಅವರಿಗೆ ಯಾಕೆ ಯಾರೂ ಸರ್ಟಿಫಿಕೇಟು ಕೊಡಲಿಲ್ಲ? 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಒಂದು ಸರ್ಕಾರಿ ವಸತಿಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿಯನ್ನು ನಾಡೆಲ್ಲ ಓದಿತು. ಅದನ್ನೂ ಕೈಯಿಂದ ಮಾಡಿ ಕಲಿಯುವ ಪಾಠ ಅನ್ನೋಣವೇ? ಆ ಕೋಣೆಯ ಮಗು ಪೊರಕೆ ಇಟ್ಟು ಎದ್ದು ಹೋಗಬಹುದು. ಗುಂಡಿಗೆ ಇಳಿದ ಮಗುವಿಗೆ ಎದ್ದು ಹೋಗುವ ಹಕ್ಕಿಲ್ಲ. ಶಿಕ್ಷಣಕ್ಕೂ ಜೀತಕ್ಕೂ ಇರುವ ವ್ಯತ್ಯಾಸ ಇಷ್ಟೇ.

ಹಾಗಂತ ನಾವು ಆ ಕಪಾಟಿನ ವೈರಿಗಳಲ್ಲ. ಅದರೊಳಗೆ ಏನಿದೆ ನೋಡೋಣ. ಚಿನ್ನದ ಬಣ್ಣದ ಮಣಿಗಳಿವೆ. ಬಿಡಿ ಮಣಿ ಅಂದರೆ ಒಂದು. 10 ಮಣಿ ತಂತಿಗೆ ಪೋಣಿಸಿದರೆ ಒಂದು ಕಡ್ಡಿ. 10 ಕಡ್ಡಿ ಸೇರಿಸಿದರೆ ನೂರರ ಚೌಕ. 10 ಚೌಕ ಪೇರಿಸಿದರೆ ಸಾವಿರದ ಘನ. ಸಾವಿರ ಅನ್ನೋದು ಬೋರ್ಡಿನ ಮೇಲಿನ ಮೂರು ಸೊನ್ನೆಯಾಗಿ ಉಳಿಯುವುದಿಲ್ಲ, ಮಗುವಿನ ಅಂಗೈಯಲ್ಲಿ ಭಾರವಾಗಿ ಕೂರುತ್ತದೆ. ಭಿನ್ನರಾಶಿಗೆ ವೃತ್ತಗಳಿವೆ, ಒಂದು ಇಡಿಯಾಗಿ, ಮಿಕ್ಕವು ಎರಡು ಭಾಗದಿಂದ ಹತ್ತು ಭಾಗದವರೆಗೆ ಕತ್ತರಿಸಿದವು. ಬೆರಳಿನಿಂದ ತಿದ್ದಲು ಉರುಟು ಮೈಯ ಅಕ್ಷರಗಳಿವೆ. ತಪ್ಪಾದರೆ ಸಾಮಾನೇ ತೋರಿಸಿಕೊಡುತ್ತದೆ. ಬೆತ್ತ ಬೇಕಿಲ್ಲ, ಬೈಗುಳ ಬೇಕಿಲ್ಲ. ಮೇಷ್ಟರ ಮುಖ ನೋಡಿ ನಡುಗುವ ಮಗುವಿಗೆ ಇದಕ್ಕಿಂತ ದೊಡ್ಡ ಬಿಡುಗಡೆ ಯಾವುದು?

ಆದರೆ ಇದನ್ನು ಕೊಳ್ಳಲು ಸಾವಿರಾರು ರೂಪಾಯಿ ಬೇಕು. ಕಲಿಸಲು ದಿನವೆಲ್ಲ ಮನೆಯಲ್ಲಿರುವ, ಓದಿದ ತಾಯಿಯೋ ತಂದೆಯೋ ಬೇಕು. ಅವರು ಮನೆಯಲ್ಲಿ ಕೂತು ಕಲಿಸಬೇಕಾದರೆ ಆ ಮನೆಯ ಮುಸುರೆ ತಿಕ್ಕಲು ಇನ್ನೊಬ್ಬ ತಾಯಿ ಬೇಕು. ಆ ಇನ್ನೊಬ್ಬ ತಾಯಿಯ ಮಗು ಎಲ್ಲಿದೆ ಅಂತ ಯಾರಾದರೂ ಕೇಳಿದ್ದೀರಾ?

ಕೇಳಬೇಕಾಗಿತ್ತು. ಯಾಕೆಂದರೆ ಈ ಸಾಮಾನು ಹುಟ್ಟಿದ್ದೇ ಅಂಥ ಮಕ್ಕಳಿಗಾಗಿ. ಮರಿಯಾ ಮಾಂಟೆಸ್ಸರಿ ಇಟಲಿಯ ವೈದ್ಯೆ. ಬುದ್ಧಿಮಾಂದ್ಯರೆಂದು ಜನ ಕೈಬಿಟ್ಟ ಮಕ್ಕಳ ನಡುವೆ ಆಕೆ ಮೊದಲು ದುಡಿದರು. 1907ರ ಜನವರಿ 6ರಂದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಮಕ್ಕಳ ಮನೆ ತೆರೆದರು. ಅಪ್ಪ ಅಮ್ಮ ಕೂಲಿಗೆ ಹೋದಾಗ ಮೆಟ್ಟಿಲುಗಳಲ್ಲಿ ಅಲೆದು ಗೋಡೆ ಕೆಡಿಸುತ್ತಿದ್ದ ಸುಮಾರು 50 ಮಕ್ಕಳು. ಕಟ್ಟಡದ ಧಣಿಗಳಿಗೆ ಗೋಡೆ ಉಳಿದರೆ ಸಾಕಿತ್ತು, ಅದಕ್ಕೇ ಒಂದು ಕೋಣೆ ಬಿಟ್ಟುಕೊಟ್ಟರು. ಆ ಕೂಲಿಕಾರರ ಮಕ್ಕಳು ಕೈಯಾಡಿಸಿ ಓದು ಬರಹ ಕಲಿತರು, ಒಬ್ಬರಿಗೊಬ್ಬರು ಊಟ ಬಡಿಸಿದರು. ಲೋಕ ಬಂದು ನೋಡಿತು. ನೋಡಿದ ಲೋಕ ಸಾಮಾನನ್ನು ಎತ್ತಿಕೊಂಡು ಹೋಯಿತು, ಕೇರಿಯನ್ನು ಅಲ್ಲೇ ಬಿಟ್ಟಿತು.

ನಮ್ಮ ದೇಶದಲ್ಲಿ ಆದದ್ದೂ ಅದೇ. 1939ರಲ್ಲಿ ಥಿಯಾಸಫಿಕಲ್ ಸೊಸೈಟಿಯವರ ಕರೆಯ ಮೇಲೆ ಮಾಂಟೆಸ್ಸರಿ ಮದರಾಸಿನ ಅಡ್ಯಾರಿಗೆ ಬಂದರು. ಸುಮಾರು 300 ಜನ ತರಬೇತಿಗೆ ಸೇರಿದರು. ಯುದ್ಧದ ದೆಸೆಯಿಂದ ಅವರು ಇಲ್ಲೇ ಉಳಿಯಬೇಕಾಯಿತು. ಆರು ವರ್ಷ ದಾಟಿದ ಮಕ್ಕಳ ಪಾಠವನ್ನು ಕೊಡೈಕೆನಾಲಿನಲ್ಲಿ ಬೆಳೆಸಿದರು. ಇವತ್ತು ಹೋಮ್‌ಸ್ಕೂಲಿನವರ ಕಪಾಟಿನಲ್ಲಿರುವ ಎಷ್ಟೋ ಪಾಠ ಬೆಳೆದದ್ದು ನಮ್ಮ ಮಗ್ಗುಲಿನ ಬೆಟ್ಟದ ಮೇಲೆ. ನಮ್ಮ ಕೇರಿಗೆ ಮಾತ್ರ ಅದು ಇಳಿದು ಬರಲಿಲ್ಲ.

ಯಾಕೆ ಬರಲಿಲ್ಲ? ಅದೇ ಅಡ್ಯಾರಿನ ಇನ್ನೊಂದು ಚರಿತ್ರೆ ಕೇಳಿ. ಅಲ್ಲಿ ಕರ್ನಲ್ ಆಲ್ಕಾಟ್ 1894ರಲ್ಲೇ ಪಂಚಮರ ಮಕ್ಕಳಿಗೆ ಶಾಲೆ ತೆರೆದಿದ್ದರು. ಆಮೇಲೆ ಸೊಸೈಟಿಯ ಅಧ್ಯಕ್ಷೆಯಾದ ಆನಿ ಬೆಸೆಂಟ್ 1909ರ ಲೇಖನವೊಂದರಲ್ಲಿ, ಈ ಮಕ್ಕಳನ್ನು ಮೇಲಿನವರ ಮಕ್ಕಳ ಜೊತೆ ಒಂದೇ ಶಾಲೆಯಲ್ಲಿ ಕೂರಿಸಕೂಡದು, ಮೊದಲು ಇವರು ಶುಚಿ ಕಲಿಯಲಿ ಎಂದು ವಾದಿಸಿದರು. ಬಾಬಾಸಾಹೇಬರು 1945ರ ತಮ್ಮ ಪುಸ್ತಕದಲ್ಲಿ ಆ ಲೇಖನವನ್ನು ಎತ್ತಿ ಇಟ್ಟು ಬಯಲು ಮಾಡಿದ್ದಾರೆ. ಮಕ್ಕಳನ್ನು ಬೇರೆ ಬೇರೆ ಕೂರಿಸುವ ರೋಗ ಹಳೆಯದು. ಹೋಮ್‌ಸ್ಕೂಲಿನ ಪ್ರತಿಯೊಂದು ಮನೆಯೂ ಆ ರೋಗದ ಮನೆ ಎಂದು ನಾವು ಹೇಳುವುದಿಲ್ಲ. ಆದರೆ ಕದ ಹಾಕಿಕೊಂಡ ಮನೆಯೊಳಗೆ ನಮ್ಮ ಮಗು ಹೋಗಲಾರದು ಎನ್ನುವುದಂತೂ ನಿಜ. 2025ರ ಜೂನಿನಲ್ಲಿ ಚಾಮರಾಜನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ದಲಿತ ಹೆಣ್ಣುಮಗಳು ಬಿಸಿಯೂಟ ಬೇಯಿಸಲು ಬಂದ ಮೇಲೆ ಊರಿನವರು ಮಕ್ಕಳನ್ನು ಶಾಲೆ ಬಿಡಿಸಿದರೆಂದು ಸುದ್ದಿಯಾಯಿತು. ಹಳ್ಳಿಯಲ್ಲಿ ಅದಕ್ಕೆ ಮಡಿ ಎಂದು ಹೆಸರು. ಪಟ್ಟಣದಲ್ಲಿ ಅದಕ್ಕೆ ಒಳ್ಳೆಯ ವಾತಾವರಣ ಎಂದು ಹೆಸರು.

ಆ ಕೋಣೆಯ ಮಗು ತನ್ನದೇ ಪುಟ್ಟ ಚಾಪೆ ಹಾಸಿಕೊಂಡು ಅದರ ಮೇಲೆ ಮಣಿ ಇಟ್ಟು ಕಲಿಯುತ್ತದೆ. ಭೀಮರಾವ್ ಎಂಬ ಹುಡುಗನಿಗೂ ಶಾಲೆಯಲ್ಲಿ ತನ್ನದೇ ಗೋಣಿತಟ್ಟು ಇತ್ತು. ಮನೆಯಿಂದ ತರಬೇಕು, ಸಂಜೆ ಹೊತ್ತೊಯ್ಯಬೇಕು, ಯಾಕೆಂದರೆ ಶಾಲೆಯ ಜವಾನನೂ ಅದನ್ನು ಮುಟ್ಟುತ್ತಿರಲಿಲ್ಲ. ಎರಡೂ ಒಬ್ಬೊಬ್ಬರ ಚಾಪೆಯೇ. ಒಂದರ ಮೇಲೆ ಸ್ವಾತಂತ್ರ್ಯ ಕೂತಿದೆ, ಇನ್ನೊಂದರ ಮೇಲೆ ಅಸ್ಪೃಶ್ಯತೆ ಕೂತಿತ್ತು.

ಹಾಗಾದರೆ ಹಟ್ಟಿಯ ಮಕ್ಕಳಿಗೂ ಮನೆಯಲ್ಲೇ ಕೈಪಾಠ ಕೊಡಿ ಎಂದು ಕೆಲವರು ಉಪದೇಶಕ್ಕೆ ಬರುತ್ತಾರೆ. ನಿಮ್ಮಪ್ಪ ಚಪ್ಪಲಿ ಹೊಲೀತಾನೆ, ಬುಟ್ಟಿ ಹೆಣೀತಾನೆ, ಅದರಲ್ಲೇ ಗಣಿತ ಐತೆ ಅಂತಾರೆ. ಐತೆ, ನಮಗೆ ಗೊತ್ತು. ಆದರೆ ಈ ಬಲೆಯೂ ನಮಗೆ ಗೊತ್ತು. 1953ರಲ್ಲಿ ಮದರಾಸಿನ ಮುಖ್ಯಮಂತ್ರಿ ರಾಜಾಜಿ ಇದನ್ನೇ ತಂದರು: ಅರ್ಧ ದಿನ ಶಾಲೆ, ಮಿಕ್ಕ ಹೊತ್ತು ಅಪ್ಪನ ಕಸುಬು. ಪೆರಿಯಾರ್ ಅದನ್ನು ಕುಲಶಿಕ್ಷಣ ಎಂದು ಕರೆದು ಬೀದಿಗಿಳಿದರು. 1954ರಲ್ಲಿ ಕಾಮರಾಜರು ಬಂದ ಮೇಲೆ ಅದು ರದ್ದಾಯಿತು. ಕೈಕೆಲಸ ಮಗುವಿನ ಮುಂದೆ ಹತ್ತು ಬಾಗಿಲು ತೆರೆದರೆ ಅದು ವಿದ್ಯೆ. ಅಪ್ಪನ ಬಾಗಿಲೊಂದನ್ನೇ ತೋರಿಸಿದರೆ ಅದು ಬೇಡಿ.

ದಾರಿ ತೋರಿಸಿದವರೂ ಇದ್ದಾರೆ. ಮಹಾರಾಷ್ಟ್ರದ ಬೋರ್ಡಿಯಲ್ಲಿ 1945ರಲ್ಲಿ ತಾರಾಬಾಯಿ ಮೋಡಕ್ ಮಾಂಟೆಸ್ಸರಿಯ ಪಾಠವನ್ನು ಹಳ್ಳಿಗೆ ತಂದರು. ದಲಿತ ಕೇರಿಯ ಮಕ್ಕಳು ಬಾಲವಾಡಿಗೆ ಬರದಿದ್ದಾಗ ಬಾಲವಾಡಿಯನ್ನೇ ಕೇರಿಯ ಅಂಗಳಕ್ಕೆ ಒಯ್ದರು. ದುಬಾರಿ ಮರದ ಸಾಮಾನಿನ ಬದಲು ಕಲ್ಲು, ಬೀಜ, ಎಲೆ, ಚಿಪ್ಪು ಹಿಡಿದರು. ಅಂಗನವಾಡಿ ಎಂಬ ಹೆಸರಿನ ಬೇರು ಆ ಅಂಗಳದಲ್ಲಿದೆ. 1975ರ ಅಕ್ಟೋಬರ್ 2ರಂದು ನಮ್ಮ ರಾಜ್ಯದ ಟಿ. ನರಸೀಪುರದಲ್ಲಿ 100 ಅಂಗನವಾಡಿಗಳು ಶುರುವಾದವು. ಹೆಸರು ಬಂತು, ಗಂಜಿ ಬಂತು. ಆ ಕಪಾಟು ಬರಲಿಲ್ಲ. ಆರು ವರ್ಷ ತುಂಬಿ ಸರ್ಕಾರಿ ಶಾಲೆಗೆ ಹೋದ ಮೇಲಂತೂ ಮಗುವಿನ ಕೈಗೆ ಸಿಗುವುದು ಬಳಪ, ಇಲ್ಲವೇ ಪೊರಕೆ.

ನಾವು ಸುಮ್ಮನೆ ಕಾಯಬೇಕಾಗಿಲ್ಲ. ಬಿದಿರ ದಬ್ಬೆಯ ಮೇಲೆ 10 ಹುಣಿಸೆಬೀಜ ಅಂಟಿಸಿ, ಅದು ಹತ್ತು. ಅಂಥ 10 ದಬ್ಬೆ ಒತ್ತಾಗಿ ಕಟ್ಟಿ, ಅದು ನೂರು. ರಟ್ಟಿನ ಮೇಲೆ ಅಂಟಿನಲ್ಲಿ ಅಕ್ಷರ ಬರೆದು ಮರಳು ಉದುರಿಸಿ, ಬೆರಳಿಗೆ ಅಕ್ಷರ ಸಿಗುತ್ತದೆ. ಕೇರಿಯ ಓದಿದ ಹುಡುಗ ಹುಡುಗಿಯರು ಒಂದು ವಾರ ಕೂತರೆ ಕಪಾಟು ತುಂಬುತ್ತದೆ. ಆಮೇಲೆ ಮಕ್ಕಳ ಮುಂದೆ ನೂರರ ಕಟ್ಟು ಇಟ್ಟು ಹೇಳಿ: ಇದು ನಿಮ್ಮಪ್ಪ ತಂದ ಸಾಲ, ನೂರಕ್ಕೆ ತಿಂಗಳಿಗೆ 5 ಬಡ್ಡಿ. ತಿಂಗಳಿಗೆ 5 ಬೀಜದಂತೆ ಮಗುವೇ ಎಣಿಸಿ ಇಡಲಿ. ವರ್ಷಕ್ಕೆ 60 ಆಗುತ್ತದೆ. 20ನೇ ತಿಂಗಳಿಗೆ ಬಡ್ಡಿಯೇ ಇನ್ನೊಂದು ನೂರಾಗಿ ಪಕ್ಕದಲ್ಲಿ ಕೂರುತ್ತದೆ, ಅಸಲು ಅಲ್ಲಾಡಿರುವುದಿಲ್ಲ. ಹೆಬ್ಬೆಟ್ಟು ಒತ್ತಿಸಿಕೊಂಡ ಸಾಹುಕಾರ ನಮ್ಮ ಹಿರಿಯರಿಗೆ ಕಲಿಸದೆ ಬಚ್ಚಿಟ್ಟ ಲೆಕ್ಕ ಇದು. ದ್ರೋಣ ಕೇಳಿದ್ದೂ ಇದೇ ಬೆರಳು. ಆ ಬೆರಳಿಗೆ ವಿದ್ಯೆ ಮರಳಿ ಬರಬೇಕಾದ ದಾರಿ ಇದು.

ನಾವೇ ಮಾಡಿಕೊಂಡೆವು ಎಂದು ಸರ್ಕಾರ ಕೈ ತೊಳೆದುಕೊಳ್ಳುವ ಹಾಗಿಲ್ಲ. ನಮ್ಮಲ್ಲೂ ನಾಲ್ಕು ಕಾಸು ಕಂಡವರು, ಶಾಲೆಯಲ್ಲಿ ಅವಮಾನ ತಡೆಯಲಾರದೆ ಮಗುವನ್ನು ಮನೆಯಲ್ಲೇ ಕಲಿಸುವ ಯೋಚನೆ ಮಾಡುತ್ತಾರೆ. ಅವರ ಸಂಕಟ ನಮ್ಮದೇ. ಆದರೂ ಬ್ಯಾಡ ಎನ್ನುತ್ತೇವೆ. ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ 1848ರಲ್ಲಿ ಶಾಲೆ ತೆರೆದಾಗಿನಿಂದ ನಾವು ಹೊಡೆದಾಡಿದ್ದು ಶಾಲೆಯ ಒಳಗೆ ಕೂರುವುದಕ್ಕೆ. ಅದನ್ನು ಬಿಟ್ಟು ಬರುವುದಲ್ಲ, ಅದನ್ನು ಬದಲಿಸುವುದು ನಮ್ಮ ಕೆಲಸ.

ನಮ್ಮ ಹಕ್ಕೊತ್ತಾಯ ಮೂರು. ಪ್ರತಿ ಸರ್ಕಾರಿ ಪ್ರಾಥಮಿಕ ಶಾಲೆಗೂ ಆ ಕಪಾಟು ಬರಲಿ, ಅದನ್ನು ಬಳಸಬಲ್ಲ ತರಬೇತಾದ ಮೇಷ್ಟರು ಬರಲಿ, ಬೀರುವಿಗೆ ಬೀಗ ಹಾಕದಿರಲಿ. ಶಾಲೆಯಲ್ಲಿ ಕಸ ಗುಡಿಸುವುದು ಪಾಠವಾದರೆ ಪಾಳಿಯ ಪ್ರಕಾರ ಎಲ್ಲ ಜಾತಿಯ ಮಕ್ಕಳೂ, ಮೇಷ್ಟರೂ ಗುಡಿಸಲಿ. ಇಲ್ಲವಾದರೆ ನಮ್ಮ ಮಕ್ಕಳ ಕೈಯಿಂದ ಪೊರಕೆ ಕಿತ್ತುಕೊಳ್ಳಲಿ. ಕಕ್ಕಸಿನ ಕೆಲಸ ಯಾವ ಮಗುವಿಗೂ ಬೇಡ. ಮೂರನೆಯದು, ಒಂದೇ ಚಾಪೆ, ಒಂದೇ ಪಂಕ್ತಿ.

ಮಾಂಟೆಸ್ಸರಿಯ ಚರಿತ್ರೆ ಪಾಠದಲ್ಲಿ ಉದ್ದನೆಯ ಕಪ್ಪು ಪಟ್ಟಿಯೊಂದಿದೆ. ನಡುವೆ ಕಲ್ಲಿನ ಹತಾರ ಹಿಡಿದ ಒಂದು ಕೈ. ಪಟ್ಟಿಯ ತುದಿಗೆ ಸಣ್ಣ ಕೆಂಪು ಪಟ್ಟೆ. ಆ ಕಪ್ಪೆಲ್ಲ ಬರಹ ಹುಟ್ಟುವ ಮುಂಚೆ ಮನುಷ್ಯ ಕೈಯಿಂದ ದುಡಿದು ಬಾಳಿದ ಕಾಲ, ಕೆಂಪು ಪಟ್ಟೆ ಬರಹ ಬಂದ ಮೇಲಿನ ಕಾಲ. ಆ ಸಣ್ಣ ಪಟ್ಟೆಯೊಳಗೆ ನಮಗೆ ಜಾಗವಿಲ್ಲ ಎಂದವರಿಗೆ ಆ ಉದ್ದದ ಕಪ್ಪನ್ನು ಬಿಚ್ಚಿ ಹಾಸಿ ತೋರಿಸಬೇಕಾಗಿದೆ. ಅದನ್ನು ಹಾಸಲು ಮನೆಯ ಕೋಣೆ ಸಾಲದು. ಊರಿನ ಶಾಲೆಯ ಅಂಗಳವೇ ಬೇಕು.