ಯಾವ ಹುಳ ಅಂತ ಯಾರೂ ಕೇಳಲಿಲ್ಲ

'ಕರ್ರಗ ಐತಿ, ಮೈಮ್ಯಾಲೆ ಕೇಸರಿ ಚುಕ್ಕಿ, ಎಲಿ ತುಂಬ ಓಡ್ಯಾಡತೈತಿ.' ಯಲಬುರ್ಗಾದ ಗೊಬ್ಬರದಂಗಡಿಯೊಂದರಲ್ಲಿ ಈ ವಾರ ಹತ್ತಿ ಬೆಳೆಗಾರರೊಬ್ಬರು ಹೇಳಿದ ಮಾತಿದು. ಅಂಗಡಿಯ ಹುಡುಗ ಮೂರು ಬಾಟಲಿ ತೆಗೆದಿಟ್ಟ. 'ಇದು ಹುಳಕ್ಕ, ಇದು ಜಿಗಿಗೆ, ಇದು ಟಾನಿಕ್. ಕೂಡಿಸಿ ಹೊಡೀರಿ ಕಾಕಾ.' ಅದು ಗುಲಗಂಜಿ ಹುಳದ ಮರಿ, ಗಿಡದ ಹೇನು ತಿಂದು ಬದುಕುವ ಪ್ರಾಣಿ, ಹೊಡೆಯಬೇಡಿ ಎಂದೆ. 'ಹುಳ ಅಂದ್ರ ಹುಳನ ರೀ ಸರ್' ಎಂದು ಹುಡುಗ ಬಿಲ್ಲು ಬರೆದ.

ಹುಡುಗನನ್ನು ಬೈದು ಏನು ಬಂತು? ಇಡೀ ವ್ಯವಸ್ಥೆಯೇ ಹಾಗೆ ಯೋಚಿಸುತ್ತದೆ. ಹೇನು ಹುಟ್ಟಿದ ವಾರದೊಳಗೇ ದೊಡ್ಡದಾಗಿ ಮರಿ ಹಾಕತೊಡಗುತ್ತದೆ. ಗುಲಗಂಜಿ ಹುಳ ಮೊಟ್ಟೆಯಿಂದ ದೊಡ್ಡದಾಗಲು ಮೂರು ವಾರ ಬೇಕು. ಎಣ್ಣೆ ಹೊಡೆದ ಮೇಲೆ ಮೊದಲು ಎದ್ದು ಬರುವವರು ಯಾರು, ನೀವೇ ಲೆಕ್ಕ ಹಾಕಿ. ಸೈಪರ್‌ಮೆಥ್ರಿನ್‌ನಂಥವನ್ನು ಮೇಲಿಂದ ಮೇಲೆ ಹೊಡೆದರೆ ಜೇಡ, ಪರತಂತ್ರ ಜೀವಿಗಳೆಲ್ಲ ಸಾಯುತ್ತವೆ, ಎಲೆಯ ಅಡಿ ಕೂತ ಬಿಳಿ ನೊಣ ಹೆಚ್ಚುತ್ತದೆ. ಅದಕ್ಕೆ ಬೇರೆ ಬಾಟಲಿ. ಮೊದಲ ಬಾಟಲಿಯೇ ಎರಡನೆಯದಕ್ಕೆ ಗಿರಾಕಿ ಹುಡುಕಿಕೊಡುವ ಇಂಥ ವ್ಯಾಪಾರ ಇನ್ನೊಂದಿಲ್ಲ.

ಹಳೇ ಕಾಲದ ರಾಗ ಎನ್ನುವವರು ಅನ್ನಲಿ. ನಮ್ಮ ಎರೆ ಹೊಲಗಳಲ್ಲಿ ಮಳೆ ನಂಬಿ ಜಯಧರ ಹತ್ತಿ ಬಿತ್ತುತ್ತಿದ್ದ ಕಾಲವಿತ್ತು. ರಸ ಹೀರುವ ಕೀಟಗಳಿಗೆ ಅದು ಸುಲಭಕ್ಕೆ ಬಗ್ಗುವ ತಳಿಯಲ್ಲ. ಎಳೆ ಗಿಡ್ಡ, ದರ ಕಡಿಮೆ, ನಿಜ. ಧಾರವಾಡದಲ್ಲಿ ವಿಜ್ಞಾನಿ ಕಟರ್ಕಿಯವರು ಅಭಿವೃದ್ಧಿಪಡಿಸಿದ ಹೈಬ್ರಿಡ್ ತಳಿ ವರಲಕ್ಷ್ಮಿ 1972ರಲ್ಲಿ ಬಂತು, ಆಮೇಲೆ ಡಿಸಿಎಚ್-32. ಎಳೆ ಉದ್ದವಾಯಿತು, ಔಷಧದ ಪಟ್ಟಿಯೂ ಉದ್ದವಾಯಿತು. ದೇಶದ ಸಾಗುವಳಿಯಲ್ಲಿ ಶೇ 5ರಷ್ಟು ಜಾಗ ಪಡೆದ ಹತ್ತಿ ಕೀಟನಾಶಕದ ಸುಮಾರು ಅರ್ಧವನ್ನು ಕುಡಿಯತೊಡಗಿತು. 2002ರಲ್ಲಿ ಬಿಟಿ ಹತ್ತಿ, 2006ರಲ್ಲಿ ಎರಡು ಜೀನಿನ ಬಿಟಿ. ಕೆಲವು ವರ್ಷ ಆರಾಮವಾಯಿತು. ಹುಳ ಬಿಟಿಗೆ ಒಗ್ಗದಿರಲೆಂದು, ಬೀಜದ ಜೊತೆ ಕೊಟ್ಟ 120 ಗ್ರಾಂ ಬಿಟಿಯೇತರ ಬೀಜವನ್ನು ಹೊಲದ ಸುತ್ತ ಬಿತ್ತಬೇಕಿತ್ತು. ಎಷ್ಟೋ ಕಡೆ ಅದು ಬದುವಿಗೆ ಬಿತ್ತು. ಗುಲಾಬಿ ಕಾಯಿಕೊರಕ ಬಿಟಿಯನ್ನೂ ಜೀರ್ಣಿಸಿಕೊಂಡಿತು.

ಈ ಕೊರಕ ಮೊಟ್ಟೆಯೊಡೆದ ಕೂಡಲೇ ಕಾಯಿ ಹೊಗುತ್ತದೆ. ಆಮೇಲೆ ಹೊಡೆದದ್ದು ಅದಕ್ಕೆ ತಾಗುವುದಿಲ್ಲ, ಹೊರಗಿರುವ ಮಿತ್ರಕೀಟಗಳಿಗಷ್ಟೇ ತಾಗುತ್ತದೆ. ಮೋಹಕ ಬಲೆಗೆ ರಾತ್ರಿಗೆ 8ರಂತೆ ಸತತ ಮೂರು ರಾತ್ರಿ ಪತಂಗ ಬಿದ್ದರೆ ಮಾತ್ರ ಔಷಧ ಎಂಬುದು ತಜ್ಞರ ಲೆಕ್ಕ. ಮೊದಲ ಎರಡು ತಿಂಗಳು ಕೈಕಟ್ಟಿ ಕೂರಬೇಕು, ನಡುವೆ ಅಲಸಂದಿ ಸಾಲು ಹಾಕಬೇಕು, ಡಿಸೆಂಬರ್‌ಗೆ ಬೆಳೆ ಮುಗಿಸಿ ಗಿಡ ಕೀಳಬೇಕು. ಇದರಲ್ಲಿ ಯಾವುದಕ್ಕೂ ಕಮಿಷನ್ ಇಲ್ಲ.

ಮೋನೊಕ್ರೊಟೋಫಾಸ್ ಎಂಬ ಕೀಟನಾಶಕ ತರಕಾರಿಗೆ ಬೇಡವೆಂದು ಸರ್ಕಾರ 2005ರಲ್ಲೇ ಹೇಳಿತು. 2017ರಲ್ಲಿ ಮಹಾರಾಷ್ಟ್ರದ ಯವತಮಾಳದ ಹತ್ತಿ ಹೊಲಗಳಲ್ಲಿ ಔಷಧ ಸಿಂಪಡಿಸುತ್ತಿದ್ದ 20ಕ್ಕೂ ಹೆಚ್ಚು ಜನ ಸತ್ತರು. ರೈತರೆಲ್ಲ 'ಮೋನೊ' ಎಂದು ಕೊಳ್ಳುತ್ತಿದ್ದ ಮೋನೊಕ್ರೊಟೋಫಾಸ್‌ನ ಶೇ 36ರ ದ್ರಾವಣಕ್ಕೆ ನಿಷೇಧ ಬಂದದ್ದು 2023ರಲ್ಲಿ, ಅದೂ ಇದ್ದ ದಾಸ್ತಾನು ಮಾರಲು ಬಿಟ್ಟು. ತಿನ್ನುವವರ ಜೀವಕ್ಕೂ ಹೊಡೆಯುವವರ ಜೀವಕ್ಕೂ ನಡುವೆ 18 ವರ್ಷದ ಅಂತರ.

ಈಗ ಸಿಂಪರಣೆಗೆ ಡ್ರೋನ್, ಅದಕ್ಕೆ ಸಬ್ಸಿಡಿ. ಹೊಲಕ್ಕಿಳಿದು ಎಲೆ ತಿರುವಿ ನೋಡಿ 'ಈ ವಾರ ಬೇಡ' ಎನ್ನಬೇಕಾದ ಕೃಷಿ ಇಲಾಖೆಯ ಸಿಬ್ಬಂದಿಯ ಹುದ್ದೆಗಳು ಮಾತ್ರ ಖಾಲಿ. ಡ್ರೋನ್ ಆಮೇಲೆ ಹಾರಿಸಿ ಸ್ವಾಮಿ, ಮೊದಲು ಆ ಕುರ್ಚಿ ತುಂಬಿ.