ಕಾಯಿ ಎದ್ದು ನಿಂತರೆ ನೀರು ಸಿಗುತ್ತಾ?

ಬೋರ್ ಕೊರೆಸುವ ಮೊದಲು ಪಾಯಿಂಟ್ ಹಾಕಿಸಬೇಕು ಅನ್ನುವುದನ್ನು ನಮ್ಮ ಹಳ್ಳಿಗಳಲ್ಲಿ ಹೆಚ್ಚಿನವರು ಪ್ರಶ್ನಿಸುವುದೇ ಇಲ್ಲ. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡೋ, ಕವಲು ಕಡ್ಡಿ ಹಿಡಿದುಕೊಂಡೋ ಒಬ್ಬರು ಹೊಲ ಸುತ್ತುತ್ತಾರೆ. ಕಾಯಿ ಎದ್ದು ನಿಂತಲ್ಲಿ ಕಲ್ಲಿಟ್ಟು, ದುಡ್ಡು ಎಣಿಸಿಕೊಂಡು ಹೋಗುತ್ತಾರೆ. ನಮ್ಮ ಬಳಗದವರೊಬ್ಬರ ಮನೆಯಲ್ಲಿ ಹೀಗೆ ಗುರುತು ಮಾಡಿದ ಎರಡೂ ಕಡೆ ಬರೀ ಕಲ್ಲಿನ ಪುಡಿ ಹಾರಿತು. ಅಮ್ಮನ ಸರ ಇನ್ನೂ ಅಡವಿನಲ್ಲೇ ಇದೆ.

ದೈವ, ಕೈಗುಣ ಅಂದರೆ ನಮ್ಮ ತಕರಾರಿಲ್ಲ. ಅದು ಅವರವರ ನಂಬಿಕೆ. ಆದರೆ ಈಗ ಅವರಾಡುವುದು ವಿಜ್ಞಾನದ ಮಾತು. ಹರಿಯುವ ನೀರಿಗೆ ಕರೆಂಟ್ ಇದೆಯಂತೆ, ಅದರ ಅಯಸ್ಕಾಂತ ಶಕ್ತಿ ಕಾಯಿಯನ್ನು ಎಬ್ಬಿಸುತ್ತದಂತೆ, ಓ ಪಾಸಿಟಿವ್ ರಕ್ತದವರಿಗೆ ಮಾತ್ರ ಅದು ಗೊತ್ತಾಗುತ್ತದಂತೆ. ಭೌತವಿಜ್ಞಾನದ ಹೆಸರು ಹೇಳಿದ ಮೇಲೆ ಪರೀಕ್ಷೆಗೂ ನಿಲ್ಲಬೇಕಲ್ಲವೇ?

ಪರೀಕ್ಷೆ ಆಗಿದೆ ಸ್ವಾಮಿ. ಜರ್ಮನಿಯಲ್ಲೂ ಕಡ್ಡಿ ಹಿಡಿದು ನೀರು ಹುಡುಕುವವರು ಬಹಳ. 1990ರಲ್ಲಿ ಅಲ್ಲಿನ ಕಾಸೆಲ್ ಊರಿನಲ್ಲಿ ನೆಲದಡಿ 50 ಸೆಂಟಿಮೀಟರ್ ಆಳಕ್ಕೆ ಪ್ಲಾಸ್ಟಿಕ್ ಪೈಪ್ ಹೂತರು. ಅದರಲ್ಲಿ ಒಮ್ಮೆ ನೀರು ಬಿಡುವುದು, ಒಮ್ಮೆ ನಿಲ್ಲಿಸುವುದು. ಈಗ ಹರಿಯುತ್ತಿದೆಯೋ ಇಲ್ಲವೋ, ಅಷ್ಟು ಹೇಳಿದರೆ ಸಾಕು. ಬಂದಿದ್ದವರು ಸುಮಾರು 30 ಜನ. ಪರೀಕ್ಷೆ ನ್ಯಾಯವಾಗಿದೆ ಅಂತ ಮೊದಲೇ ಒಪ್ಪಿದ್ದರು, ಗೆದ್ದೇ ಗೆಲ್ಲುತ್ತೇವೆ ಅಂದಿದ್ದರು. ಕೊನೆಗೆ ಲೆಕ್ಕ ಹಾಕಿದರೆ, ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಸರಿಯಾಗುತ್ತಿತ್ತು. ಅದಕ್ಕೂ ಮುಂಚೆ, 1987-88ರಲ್ಲಿ, ಮ್ಯೂನಿಕ್ ಬಳಿಯ ಒಂದು ಕಣಜದ ಕಟ್ಟಡದಲ್ಲಿ ಆರಿಸಿದ 43 ಜನರನ್ನು 843 ಸಲ ಪರೀಕ್ಷಿಸಿದ್ದರು. ಕೆಲವರಿಗೆ ನಿಜವಾಗಿ ಆ ಶಕ್ತಿ ಇದೆ ಅಂತ ನಡೆಸಿದವರೇ ಬರೆದರು. ಅದೇ ಅಂಕಿಗಳನ್ನು ಮತ್ತೆ ಕೂಡಿಸಿ ಕಳೆದು ನೋಡಿದ ಅಮೆರಿಕದ ಜಿಮ್ ಎನ್‌ರೈಟ್, ಇದು ಬರೀ ಅದೃಷ್ಟದ ಆಟ ಎಂದು ತೋರಿಸಿದರು.

ಹಾಗಾದರೆ ಕಾಯಿ ಏಳುವುದು ಸುಳ್ಳಾ? ಅಲ್ಲ, ಏಳುತ್ತೆ. ಎಬ್ಬಿಸುವುದು ನೀರಲ್ಲ, ಕೈ. ಮನಸ್ಸು ನಿರೀಕ್ಷಿಸಿದ್ದಕ್ಕೆ ಸ್ನಾಯು ತನಗೇ ತಿಳಿಯದಂತೆ ಮಿಸುಕುತ್ತದೆ. ವಿಲಿಯಂ ಕಾರ್ಪೆಂಟರ್ ಎಂಬ ವೈದ್ಯ 1852ರಲ್ಲೇ ಇದನ್ನು ವಿವರಿಸಿದ್ದರು. ಆದ್ದರಿಂದ ಪಾಯಿಂಟ್ ಹಾಕುವವರೆಲ್ಲ ಮೋಸಗಾರರು ಅಂತ ನಾವು ಹೇಳುವುದಿಲ್ಲ. ಎಷ್ಟೋ ಜನ ತಾವೇ ನಂಬಿದ್ದಾರೆ.

‘ನಮ್ಮಜ್ಜನಿಗೆ ಸಿಕ್ಕಿತ್ತಲ್ಲ?’ ಅನ್ನುತ್ತೀರಿ. ಅಜ್ಜನ ಕಾಲದಲ್ಲಿ ನೀರು ಮೇಲೇ ಇತ್ತು, ಬಾವಿ ತೋಡಿದ ಕಡೆಯೆಲ್ಲ ಬಂತು. ಈಗ ನಾವು ಇಳಿಯುತ್ತಿರುವುದು ಗಟ್ಟಿ ಬಂಡೆಗೆ. ಅಲ್ಲಿ ನೀರಿರುವುದು ಬಿರುಕುಗಳಲ್ಲಿ. ನೆಲಕ್ಕೆ ಸರಳು ನೆಟ್ಟು ಕರೆಂಟ್ ಹರಿಸಿ ಅಳೆಯುವ ಭೂವಿಜ್ಞಾನಿಯ ಲೆಕ್ಕವೂ ತಪ್ಪುತ್ತದೆ, ನಿಜ. ಆದರೆ ಅವರು ಅಳೆದ ಅಂಕಿ ಕಾಗದದ ಮೇಲಿರುತ್ತದೆ, ಇನ್ನೊಬ್ಬರಿಗೆ ತೋರಿಸಿ ಕೇಳಬಹುದು. ಕಾಯಿಯನ್ನು ಯಾರಿಗೆ ತೋರಿಸುತ್ತೀರಿ?

ಮುಂದಿನ ಸಲ ಪಾಯಿಂಟ್ ಹಾಕುವವರು ಬಂದಾಗ ಒಂದು ಕೆಲಸ ಮಾಡಿ. ಗುರುತು ಮಾಡಿದ ಮೇಲೆ ಕಲ್ಲು ತೆಗೆದು, ಕಣ್ಣಿಗೆ ಬಟ್ಟೆ ಕಟ್ಟಿ, ನಾಲ್ಕು ಸುತ್ತು ತಿರುಗಿಸಿ, ಅದೇ ಹೊಲದಲ್ಲಿ ಮತ್ತೆ ನಡೆಸಿ. ಕಾಯಿ ಅದೇ ಜಾಗದಲ್ಲಿ ಏಳುತ್ತಾ ನೋಡಿ. ನಾವು ಒಬ್ಬರನ್ನು ಹೀಗೆ ಕೇಳಿದೆವು. ‘ಅಪನಂಬಿಕೆ ಇರೋರ ಎದುರು ಕಾಯಿ ಏಳಲ್ಲ’ ಅಂದರು. ದುಡ್ಡು ಮಾತ್ರ ಮೊದಲೇ ತಗೊಂಡಿದ್ದರು.